ವೆಬ್ ವಿಳಾಸದ ಬಾಲ ಕತ್ತರಿಸುವ ಕ್ರಮ: ಕ್ವೆರಿ ಪ್ಯಾರಾಮೀಟರ್‌ಗಳನ್ನು ಎಲ್ಲಿ, ಯಾವಾಗ, ಹೇಗೆ ತೆಗೆಯಬೇಕು?

‘ನಮ್ಮ ಆ್ಯಪ್‌ನ ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಮುಂದೆ ಉದ್ದನೆಯ ಬಾಲವೊಂದು ಬರುತ್ತದೆ, ಅದನ್ನು ತೆಗೆಯುವುದು ಹೇಗೆ?’ ಎಂಬ ಪ್ರಶ್ನೆಯನ್ನು ಓದುಗರು ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದಾರೆ. ಕೇಳುವವರಲ್ಲಿ ಕೆಲವರಿಗೆ ವಿಳಾಸ ನೋಡಲು ಚೊಕ್ಕಟವಾಗಿರಬೇಕು. ಕೆಲವರಿಗೆ ಗೂಗಲ್ ಒಂದೇ ಪುಟವನ್ನು ಹತ್ತು ಪುಟವೆಂದು ಎಣಿಸುತ್ತಿರುವ ಚಿಂತೆ. ಇನ್ನು ಕೆಲವರಿಗೆ ಬ್ರೌಸರ್‌ನ ವಿಳಾಸಪಟ್ಟಿಯಲ್ಲಿ ಎದ್ದು ಕಾಣುವ ಟೋಕನ್, ಅಂದರೆ ಬಳಕೆದಾರರ ಗುರುತನ್ನು ಸಾಬೀತುಪಡಿಸುವ ರಹಸ್ಯ ಸಂಕೇತ, ಬೇರೆಯವರ ಕೈಗೆ ಸಿಕ್ಕೀತೆಂಬ ಅಂಜಿಕೆ. ಹುಡುಕಿದರೆ ಸಿಗುವ ಒಂದು ಸಾಲಿನ ಜಾವಾಸ್ಕ್ರಿಪ್ಟ್ ಪರಿಹಾರ ಮೊದಲನೆಯವರಿಗೆ ಸಾಕು. ಎರಡನೆಯವರಿಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಮೂರನೆಯವರಿಗೆ ಅದು ಸುಳ್ಳು ಧೈರ್ಯವನ್ನಷ್ಟೇ ಕೊಡುತ್ತದೆ.

ಒಂದು ಸೂಚನೆ: ಈ ಲೇಖನದಲ್ಲಿ ಆಜ್ಞೆಗಳ ಮತ್ತು ಫಂಕ್ಷನ್‌ಗಳ ಹೆಸರುಗಳನ್ನು ಓದಲು ಅನುಕೂಲವಾಗಲೆಂದು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ನಿಮ್ಮ ಕೋಡ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು.

ಮೊದಲು ಪದಗಳ ಅರ್ಥ

ಈ ವಿಳಾಸವನ್ನು ನೋಡಿ:

ಅಂಗಡಿ.ಉದಾಹರಣೆ/ಪುಸ್ತಕಗಳು?ವಿಷಯ=ಇತಿಹಾಸ&ಪುಟ=3&ಯುಟಿಎಂ_ಸೋರ್ಸ್=ವಾಟ್ಸಾಪ್#ವಿಮರ್ಶೆ

ಮೊದಲ ಓರೆಗೆರೆಯಿಂದ ಪ್ರಶ್ನಾರ್ಥಕ ಚಿಹ್ನೆಯವರೆಗಿನ ಭಾಗಕ್ಕೆ ಪಾತ್ ಅಥವಾ ಮಾರ್ಗವೆಂದು ಹೆಸರು. ಪ್ರಶ್ನಾರ್ಥಕ ಚಿಹ್ನೆಯ ನಂತರ # ಚಿಹ್ನೆಯವರೆಗೆ ಇರುವುದು ಕ್ವೆರಿ. ಅದರೊಳಗೆ & ಚಿಹ್ನೆಯಿಂದ ಬೇರ್ಪಟ್ಟ ಒಂದೊಂದು ಹೆಸರು-ಮೌಲ್ಯದ ಜೋಡಿಯೂ ಒಂದು ಪ್ಯಾರಾಮೀಟರ್. # ನಂತರದ್ದು ಫ್ರ್ಯಾಗ್ಮೆಂಟ್. 2005ರ ಆರ್‌ಎಫ್‌ಸಿ 3986 ಎಂಬ ಮಾನದಂಡ ಈ ವಿಭಾಗಗಳನ್ನು ನಿಗದಿಪಡಿಸಿದೆ. ಇಲ್ಲಿ ನೆನಪಿಡಬೇಕಾದ ವ್ಯತ್ಯಾಸ ಒಂದೇ: ಕ್ವೆರಿ ಸರ್ವರ್‌ಗೆ ಹೋಗುತ್ತದೆ, ಫ್ರ್ಯಾಗ್ಮೆಂಟ್ ಬ್ರೌಸರ್‌ನಲ್ಲೇ ಉಳಿಯುತ್ತದೆ. ಅಂದರೆ ವಿಳಾಸಪಟ್ಟಿಯಲ್ಲಿ ನೀವು ಕ್ವೆರಿಯನ್ನು ಅಳಿಸುವ ಹೊತ್ತಿಗೆ ಸರ್ವರ್ ಅದನ್ನು ಓದಿಯಾಗಿರುತ್ತದೆ, ಹೆಚ್ಚಿನ ಸರ್ವರ್‌ಗಳಲ್ಲಿ ಅದು ಆಕ್ಸೆಸ್ ಲಾಗ್ ಎಂಬ ಭೇಟಿ ದಾಖಲೆಯಲ್ಲಿಯೂ ಸೇರಿರುತ್ತದೆ.

ಏನೇನು ಬೇಕು?

ಬ್ರೌಸರ್‌ನ ಡೆವಲಪರ್ ಪರಿಕರಗಳು, ಆ್ಯಪ್‌ನ ಮೂಲ ಕೋಡ್, ಅಪಾಚೆ ಅಥವಾ ಎಂಜಿನ್‌ಎಕ್ಸ್ ಸರ್ವರ್‌ನ ಸಂರಚನಾ ಕಡತವನ್ನು ತಿದ್ದುವ ಅನುಮತಿ, ಒಂದೆರಡು ವಾರದ ಆಕ್ಸೆಸ್ ಲಾಗ್, ಮತ್ತು ನಿಜವಾದ ಬಳಕೆದಾರರಿಲ್ಲದ ಪರೀಕ್ಷಾ ಪ್ರತಿ. ಕೊನೆಯದಿಲ್ಲದೆ ಆರನೇ ಹಂತಕ್ಕೆ ಕೈ ಹಾಕಬೇಡಿ.

ಹಂತ 1: ಪ್ರತಿ ಪ್ಯಾರಾಮೀಟರ್ ಮಾಡುವ ಕೆಲಸವನ್ನು ಪಟ್ಟಿ ಮಾಡಿ

ಆಕ್ಸೆಸ್ ಲಾಗ್‌ನಿಂದ ಬಳಕೆಯಲ್ಲಿರುವ ಎಲ್ಲ ಪ್ಯಾರಾಮೀಟರ್ ಹೆಸರುಗಳನ್ನು ಹೆಕ್ಕಿ ತೆಗೆಯಿರಿ. ಕೋಡ್ ನೋಡಿ ಪಟ್ಟಿ ಮಾಡಿದರೆ ಸಾಲದು. ಹೊರಗಿನ ತಾಣಗಳು ಅಂಟಿಸಿ ಕಳುಹಿಸುವ ಹೆಸರುಗಳು ನಿಮ್ಮ ಕೋಡ್‌ನಲ್ಲಿ ಎಲ್ಲಿಯೂ ಇರುವುದಿಲ್ಲ. ನಂತರ ಪ್ರತಿಯೊಂದರ ಮುಂದೆಯೂ ‘ಇದನ್ನು ತೆಗೆದರೆ ಪುಟದಲ್ಲಿ ಏನು ಬದಲಾಗುತ್ತದೆ?’ ಎಂಬ ಪ್ರಶ್ನೆಗೆ ಉತ್ತರ ಬರೆಯಿರಿ.

ಉತ್ತರಗಳು ಸಾಮಾನ್ಯವಾಗಿ ನಾಲ್ಕು ಗುಂಪಿಗೆ ಸೇರುತ್ತವೆ. ಪುಟದ ಗುರುತೇ ಆಗಿರುವಂಥವು ಮೊದಲ ಗುಂಪು: ಯೂಟ್ಯೂಬ್ ವಿಳಾಸದ ‘ವಿ’ ಪ್ಯಾರಾಮೀಟರ್ ತೆಗೆದರೆ ಯಾವ ವೀಡಿಯೊ ಎಂಬುದೇ ತಿಳಿಯದು, ಆದರೆ ಹಂಚಿಕೊಳ್ಳುವಾಗ ಸೇರುವ ‘ಎಸ್‌ಐ’ ತೆಗೆದರೆ ವೀಡಿಯೊಗೆ ಏನೂ ಆಗದು. ಎರಡನೆಯದು ಸ್ಥಿತಿಯನ್ನು ಹೇಳುವಂಥದ್ದು, ಅಂದರೆ ಹುಡುಕಾಟದ ಪದ, ವಿಂಗಡಣೆ, ಪುಟಸಂಖ್ಯೆ. ಮೂರನೆಯದು ಭೇಟಿ ಎಲ್ಲಿಂದ ಬಂತೆಂದು ಜಾಡು ಹಿಡಿಯುವಂಥದ್ದು. ಇದರಲ್ಲಿ ಯುಟಿಎಂ ಕುಟುಂಬ, ಗೂಗಲ್ ಜಾಹೀರಾತಿನ ಜಿಸಿಎಲ್‌ಐಡಿ, ಫೇಸ್‌ಬುಕ್‌ನ ಎಫ್‌ಬಿಸಿಎಲ್‌ಐಡಿ ಪ್ರಮುಖವಾದವು. ಯುಟಿಎಂ ಎಂಬ ಹೆಸರು, 2005ರಲ್ಲಿ ಗೂಗಲ್ ಕೊಂಡುಕೊಂಡ ಅರ್ಚಿನ್ ಎಂಬ ಸಂಸ್ಥೆಯ ತಂತ್ರಾಂಶದಿಂದ ಉಳಿದುಬಂದದ್ದು. ನಾಲ್ಕನೆಯದು ರಹಸ್ಯಗಳು: ಪಾಸ್‌ವರ್ಡ್ ಬದಲಿಸುವ ಟೋಕನ್, ಲಾಗಿನ್ ಕೋಡ್, ಸೆಷನ್ ಗುರುತು.

ಇವಲ್ಲದೆ ಸಹಿ ಮಾಡಿದ ವಿಳಾಸಗಳೆಂಬ ಒಂದು ವಿಶೇಷ ವರ್ಗವಿದೆ. ಅಮೆಜಾನ್ ಎಸ್3ಯಂಥ ಸಂಗ್ರಹಣೆಯಿಂದ ಸೀಮಿತ ಅವಧಿಗೆ ಕಡತ ಕೊಡುವ ವಿಳಾಸಗಳಲ್ಲಿ, ಸಹಿ ಮತ್ತು ಅವಧಿ ಎರಡೂ ಕ್ವೆರಿಯಲ್ಲೇ ಇರುತ್ತವೆ. ಅಲ್ಲಿ ಕೈಯಾಡಿಸಿದರೆ ಸಹಿ ಹೊಂದಿಕೆಯಾಗದೆ ಕಡತ ಸಿಗುವುದಿಲ್ಲ. ಇವನ್ನು ಪಟ್ಟಿಯಲ್ಲಿ ಕೆಂಪು ಶಾಯಿಯಲ್ಲಿ ಗುರುತಿಸಿಕೊಳ್ಳಿ. ಸ್ಟೈಲ್ ಮತ್ತು ಸ್ಕ್ರಿಪ್ಟ್ ಕಡತಗಳ ಹಿಂದೆ ವರ್ಡ್‌ಪ್ರೆಸ್ ಸೇರಿಸುವ ‘ವರ್’ ಎಂಬ ಆವೃತ್ತಿ ಸಂಖ್ಯೆಯನ್ನೂ ಕಸವೆಂದು ತಿಳಿಯಬೇಡಿ. ಕಡತ ಬದಲಾದಾಗ ಬ್ರೌಸರ್ ಹಳೆಯ ಪ್ರತಿಯನ್ನು ಬಿಟ್ಟು ಹೊಸದನ್ನು ತರುವುದು ಅದರಿಂದಲೇ.

ಹಂತ 2: ಪ್ಯಾರಾಮೀಟರ್ ಹುಟ್ಟುವ ಜಾಗವನ್ನು ಹುಡುಕಿ

ನಲ್ಲಿ ನಿಲ್ಲಿಸದೆ ನೆಲ ಒರೆಸಿದರೆ ಪ್ರಯೋಜನವಿಲ್ಲ. ನಿಮ್ಮದೇ ಮೆನು, ಇಮೇಲ್ ಮಾದರಿಗಳು ಮತ್ತು ಫಾರ್ಮ್‌ಗಳು ಪ್ಯಾರಾಮೀಟರ್ ಸೇರಿಸುತ್ತಿದ್ದರೆ ಮೊದಲು ಅಲ್ಲಿ ತಿದ್ದಿ. ಒಂದೇ ತಾಣದೊಳಗಿನ ಕೊಂಡಿಗಳಿಗೆ ಯುಟಿಎಂ ಅಂಟಿಸುವ ಅಭ್ಯಾಸ ಬಹಳ ಕಡೆ ಕಾಣುತ್ತದೆ. ಅದರಿಂದ ವಿಳಾಸ ಕೆಡುವುದಷ್ಟೇ ಅಲ್ಲ, ಹೊರಗಿನಿಂದ ಬಂದವರ ನಿಜವಾದ ಮೂಲವೂ ವರದಿಯಲ್ಲಿ ಕಲಸಿಹೋಗುತ್ತದೆ.

ಫಾರ್ಮ್‌ಗಳಲ್ಲಿ ಎರಡು ಬಲೆಗಳಿವೆ. ಮೊದಲನೆಯದು, ಫಾರ್ಮ್‌ಗೆ ‘ಮೆಥಡ್’ ಎಂಬ ಗುಣವನ್ನು ಬರೆಯದಿದ್ದರೆ ಬ್ರೌಸರ್ ಅದನ್ನು ಗೆಟ್ ಎಂದು ಭಾವಿಸಿ ಎಲ್ಲ ಖಾನೆಗಳ ಮೌಲ್ಯವನ್ನೂ ವಿಳಾಸಕ್ಕೆ ಸೇರಿಸುತ್ತದೆ. ಲಾಗಿನ್ ಫಾರ್ಮ್ ಜಾವಾಸ್ಕ್ರಿಪ್ಟ್ ಮೂಲಕ ಸರಿಯಾಗಿಯೇ ಕೆಲಸ ಮಾಡುತ್ತಿರುತ್ತದೆ. ಎಂದೋ ಒಂದು ದಿನ, ನಿಧಾನದ ನೆಟ್‌ವರ್ಕ್‌ನಲ್ಲಿ, ಸ್ಕ್ರಿಪ್ಟ್ ಬಂದು ತಲುಪುವ ಮೊದಲೇ ಬಳಕೆದಾರರು ಗುಂಡಿ ಒತ್ತಿದಾಗ ಅವರ ಪಾಸ್‌ವರ್ಡ್ ವಿಳಾಸಪಟ್ಟಿಯಲ್ಲಿ ಕಾಣಿಸಿಕೊಂಡು ಲಾಗ್‌ಗೂ ಸೇರುತ್ತದೆ. ಆದ್ದರಿಂದ ಸ್ಕ್ರಿಪ್ಟ್ ಇದ್ದರೂ, ಮಾಹಿತಿಯನ್ನು ವಿಳಾಸಕ್ಕೆ ಸೇರಿಸದೆ ವಿನಂತಿಯ ಒಡಲಲ್ಲಿ ಕಳುಹಿಸುವ ‘ಪೋಸ್ಟ್’ ಎಂದು ಸ್ಪಷ್ಟವಾಗಿ ಬರೆಯಿರಿ. ಎರಡನೆಯದು, ಗೆಟ್ ಫಾರ್ಮ್‌ನ ಗುರಿವಿಳಾಸದಲ್ಲಿ ಮೊದಲೇ ಕ್ವೆರಿ ಇದ್ದರೆ ಬ್ರೌಸರ್ ಅದನ್ನು ಹೇಳದೆ ಕೇಳದೆ ಕೈಬಿಡುತ್ತದೆ. ಉಳಿಯಬೇಕಾದ ಮೌಲ್ಯವನ್ನು ಅಡಗಿಸಿದ ಖಾನೆಯಾಗಿ ಫಾರ್ಮ್‌ನೊಳಗೇ ಇಡಬೇಕು.

ಹಂತ 3: ಉಳಿಯಬೇಕಾದ ಮಾಹಿತಿಗೆ ಬೇರೆ ಮನೆ ಕೊಡಿ

ಪುಟದ ಗುರುತು ಪಾತ್‌ಗೆ ಹೋಗಲಿ: ‘/ಪುಸ್ತಕ?ಐಡಿ=42’ ಎಂಬುದು ‘/ಪುಸ್ತಕ/42’ ಆಗಲಿ. ಇದನ್ನು ಮಾಡಿದ ಕೂಡಲೇ ಚಿತ್ರಗಳು ಮತ್ತು ಸ್ಟೈಲ್ ಕಾಣೆಯಾದರೆ ಗಾಬರಿಯಾಗಬೇಡಿ. ಓರೆಗೆರೆಯಿಲ್ಲದೆ ಆರಂಭವಾಗುವ ಸಾಪೇಕ್ಷ ಕೊಂಡಿಗಳನ್ನು ಬ್ರೌಸರ್ ಈಗ ‘/ಪುಸ್ತಕ/’ ಎಂಬ ಕಡತಕೋಶದೊಳಗೆ ಹುಡುಕುತ್ತಿರುತ್ತದೆ. ಅವನ್ನೆಲ್ಲ ಮೂಲದಿಂದ, ಅಂದರೆ ಓರೆಗೆರೆಯಿಂದ, ಆರಂಭವಾಗುವಂತೆ ಬದಲಿಸಿ.

ವಿಂಗಡಣೆ, ಹುಡುಕಾಟ, ಪುಟಸಂಖ್ಯೆಗಳ ಬಗ್ಗೆ ನನ್ನ ಅಭಿಪ್ರಾಯ ನೇರವಾದದ್ದು: ಅವು ಕ್ವೆರಿಯಲ್ಲೇ ಇರಲಿ. ಕ್ವೆರಿ ಇರುವುದೇ ಅಂಥದ್ದಕ್ಕೆ. ಅವನ್ನು ಸರ್ವರ್‌ನ ಸೆಷನ್‌ಗೆ, ಅಂದರೆ ಒಬ್ಬ ಬಳಕೆದಾರರ ಭೇಟಿಗೆ ಸಂಬಂಧಿಸಿ ಸರ್ವರ್ ನೆನಪಿಟ್ಟುಕೊಳ್ಳುವ ಮಾಹಿತಿಗೆ, ಸಾಗಿಸಿದರೆ ವಿಳಾಸ ಚೊಕ್ಕಟವಾಗುವುದೇನೋ ನಿಜ. ಆದರೆ ಫಲಿತಾಂಶದ ಪುಟವನ್ನು ಗೆಳೆಯರಿಗೆ ಕಳುಹಿಸಿದರೆ ಅವರಿಗೆ ಬೇರೆಯೇ ಪುಟ ತೆರೆಯುತ್ತದೆ, ಬುಕ್‌ಮಾರ್ಕ್ ನಿಷ್ಪ್ರಯೋಜಕವಾಗುತ್ತದೆ, ಮತ್ತು ಒಂದು ಟ್ಯಾಬ್‌ನಲ್ಲಿ ಬೆಲೆಯ ಪ್ರಕಾರ ವಿಂಗಡಿಸಿದರೆ ಪಕ್ಕದ ಟ್ಯಾಬ್‌ನ ಪಟ್ಟಿಯೂ ಕದಲುತ್ತದೆ. ಬಳಕೆದಾರರು ವಿಳಾಸದ ಅಂದ ನೋಡುವುದಕ್ಕಿಂತ ಕೊಂಡಿಯನ್ನು ವಾಟ್ಸಾಪ್‌ನಲ್ಲಿ ಕಳುಹಿಸುವುದೇ ಹೆಚ್ಚು. ಹಾಗೆಯೂ ಅಡಗಿಸಲೇಬೇಕೆಂದಿದ್ದರೆ, ಟ್ಯಾಬ್‌ಗೆ ಒಂದರಂತೆ ಬ್ರೌಸರ್‌ನಲ್ಲೇ ಇರುವ ಸೆಷನ್‌ಸ್ಟೋರೇಜ್ ಎಂಬ ಸಂಗ್ರಹವನ್ನು ಬಳಸಿದರೆ ಕೊನೆಯ ತೊಂದರೆಯಾದರೂ ತಪ್ಪುತ್ತದೆ.

ಇನ್ನೊಂದು ಎಚ್ಚರಿಕೆ. ‘ಬಳಕೆದಾರ=118’ ಎಂಬುದನ್ನು 119 ಎಂದು ಬದಲಿಸಿದರೆ ಬೇರೆಯವರ ವಿವರ ಕಾಣುತ್ತದೆ ಎಂಬ ಕಾರಣಕ್ಕೆ ಪ್ಯಾರಾಮೀಟರ್ ತೆಗೆಯಲು ಹೊರಟಿದ್ದರೆ, ಅಲ್ಲಿ ದೋಷವಿರುವುದು ವಿಳಾಸದಲ್ಲಲ್ಲ. ಕೇಳಿದವರಿಗೆ ಆ ದಾಖಲೆ ನೋಡುವ ಹಕ್ಕಿದೆಯೇ ಎಂದು ಸರ್ವರ್ ಪ್ರತಿ ಬಾರಿಯೂ ಪರಿಶೀಲಿಸಬೇಕು. ಸಂಖ್ಯೆಯನ್ನು ಪೋಸ್ಟ್‌ಗೆ ಸಾಗಿಸುವುದು ಬಾಗಿಲಿಗೆ ಬೀಗ ಹಾಕುವ ಬದಲು ಪರದೆ ಎಳೆದಂತೆ.

ಹಂತ 4: ರಹಸ್ಯಗಳನ್ನು ಸರ್ವರ್‌ನಲ್ಲೇ ಮುಗಿಸಿ

ಪಾಸ್‌ವರ್ಡ್ ಮರುಹೊಂದಿಸುವ ಇಮೇಲ್‌ನಲ್ಲಿ ಟೋಕನ್ ಕ್ವೆರಿಯಲ್ಲಿ ಬರುವುದು ಸಾಮಾನ್ಯ. ಕೊಂಡಿ ತೆರೆದಾಗ ಆಗಬೇಕಾದದ್ದು ಇಷ್ಟು: ಸರ್ವರ್ ಟೋಕನ್ ಪರಿಶೀಲಿಸಲಿ, ಅದರ ಬದಲಿಗೆ ಅಲ್ಪಾವಧಿಯ ಸೆಷನ್ ಕುಕಿಯೊಂದನ್ನು (ಬ್ರೌಸರ್ ತನ್ನಲ್ಲಿಟ್ಟುಕೊಂಡು ಪ್ರತಿ ವಿನಂತಿಯೊಂದಿಗೆ ಮರಳಿಸುವ ಸಣ್ಣ ಗುರುತು) ಕೊಡಲಿ, ಮತ್ತು ಯಾವ ಪುಟವನ್ನೂ ತೋರಿಸದೆ ಕ್ವೆರಿಯಿಲ್ಲದ ವಿಳಾಸಕ್ಕೆ ರೀಡೈರೆಕ್ಟ್ ಮಾಡಲಿ, ಅಂದರೆ ಬ್ರೌಸರ್ ಅನ್ನು ಬೇರೆ ವಿಳಾಸಕ್ಕೆ ಕಳುಹಿಸಲಿ. ಟೋಕನ್ ಇರುವ ವಿಳಾಸದಲ್ಲಿ ಪುಟವೇ ತೆರೆಯದಿರುವುದರಿಂದ, ನೀವು ಪುಟದಲ್ಲಿ ಸೇರಿಸಿರುವ ಹೊರಗಿನವರ ಸ್ಕ್ರಿಪ್ಟ್‌ಗಳಿಗೆ ಅದನ್ನು ಓದುವ ಅವಕಾಶವೇ ಸಿಗುವುದಿಲ್ಲ. ಹೊಸ ಪಾಸ್‌ವರ್ಡ್ ಉಳಿಸಿದ ಮೇಲೆ ಟೋಕನ್ ಮತ್ತೆ ಕೆಲಸ ಮಾಡದಂತೆ ರದ್ದುಪಡಿಸುವುದನ್ನು ಮರೆಯಬೇಡಿ. ಆದರೆ ಕೊಂಡಿ ತೆರೆದ ಮಾತ್ರಕ್ಕೇ ರದ್ದುಪಡಿಸಬೇಡಿ. ಕೆಲವು ಕಚೇರಿಗಳ ಇಮೇಲ್ ವ್ಯವಸ್ಥೆ ಸುರಕ್ಷತೆಯ ತಪಾಸಣೆಗಾಗಿ ಕೊಂಡಿಯನ್ನು ತಾನೇ ಮೊದಲು ತೆರೆದು ನೋಡುವುದರಿಂದ, ಬಳಕೆದಾರರ ಕೈಗೆ ಸತ್ತ ಕೊಂಡಿ ಸಿಗುತ್ತದೆ.

‘ಗೂಗಲ್ ಮೂಲಕ ಪ್ರವೇಶಿಸಿ’ ಎಂಬಂಥ ಸೌಲಭ್ಯಗಳ ಹಿಂದಿರುವ ಓಆತ್ ವ್ಯವಸ್ಥೆಯಲ್ಲೂ ಇದೇ ಕ್ರಮ. ಅಲ್ಲಿಂದ ಹಿಂದಿರುಗುವಾಗ ‘ಕೋಡ್’ ಮತ್ತು ‘ಸ್ಟೇಟ್’ ಎಂಬ ಎರಡು ಪ್ಯಾರಾಮೀಟರ್‌ಗಳು ಬರುತ್ತವೆ. ಕೋಡ್ ಅನ್ನು ಒಮ್ಮೆ ಮಾತ್ರ ಬಳಸಬಹುದು. ಅದರ ಆಯಸ್ಸು ಹೆಚ್ಚೆಂದರೆ 10 ನಿಮಿಷ ಇರಲಿ ಎಂದು 2012ರ ಆರ್‌ಎಫ್‌ಸಿ 6749 ಸಲಹೆ ಮಾಡುತ್ತದೆ. ಪ್ರವೇಶ ಮುಗಿದ ಮೇಲೂ ಅದು ವಿಳಾಸದಲ್ಲಿ ಉಳಿದಿದ್ದರೆ, ಬಳಕೆದಾರರು ಪುಟವನ್ನು ರಿಫ್ರೆಶ್ ಮಾಡಿದಾಗ ಆ್ಯಪ್ ಅದೇ ಕೋಡ್ ಅನ್ನು ಮತ್ತೆ ಕಳುಹಿಸಿ ದೋಷ ತೋರಿಸುತ್ತದೆ. ‘ಲಾಗಿನ್ ಆಗುತ್ತದೆ, ರಿಫ್ರೆಶ್ ಮಾಡಿದರೆ ಕೆಡುತ್ತದೆ’ ಎಂದು ಬರೆದಿರುವ ಓದುಗರು ಮೊದಲು ಇಲ್ಲಿ ನೋಡಬೇಕು. ಸ್ಟೇಟ್ ಅನ್ನು ಪರಿಶೀಲಿಸದೆ ಅಳಿಸಬಾರದು. ಬೇರೆಯವರು ಹೆಣೆದ ಕೊಂಡಿಯಿಂದ ಪ್ರವೇಶ ನಡೆಯದಂತೆ ತಡೆಯುವುದು ಅದರ ಕೆಲಸ.

ಸೆಷನ್ ಗುರುತು ವಿಳಾಸದಲ್ಲಿ ಕಾಣುತ್ತಿದ್ದರೆ ಅದನ್ನು ಸಂರಚನೆಯಲ್ಲೇ ನಿಲ್ಲಿಸಿ. ಪಿಎಚ್‌ಪಿಯಲ್ಲಿ ಸೆಷನ್‌ಗೆ ಕುಕಿಯನ್ನು ಮಾತ್ರ ಬಳಸುವ ಆಯ್ಕೆಯಿದೆ, ಜಾವಾ ಸರ್ವ್ಲೆಟ್‌ನಲ್ಲಿಯೂ ಅಂಥದ್ದೇ ಇದೆ. ಜಾವಾದ ಜೆಸೆಷನ್‌ಐಡಿ ಅರ್ಧವಿರಾಮದ (;) ನಂತರ ಪಾತ್‌ನಲ್ಲೇ ಬರುತ್ತದೆ, ಕ್ವೆರಿಯಲ್ಲಲ್ಲ. ಕ್ವೆರಿ ತೆಗೆಯುವ ಯಾವ ಉಪಾಯವೂ ಅದನ್ನು ಮುಟ್ಟುವುದಿಲ್ಲ.

ಹಂತ 5: ಬ್ರೌಸರ್‌ನಲ್ಲಿ ವಿಳಾಸವನ್ನು ಶುಚಿಗೊಳಿಸಿ

ಈಗ ಆ ಒಂದು ಸಾಲಿನ ಪರಿಹಾರಕ್ಕೆ ಬರೋಣ. ಪುಟವನ್ನು ಮತ್ತೆ ತೆರೆಯದೆ ವಿಳಾಸವನ್ನಷ್ಟೇ ಬದಲಿಸಲು ಬ್ರೌಸರ್‌ನ ‘ಹಿಸ್ಟರಿ’ ವಸ್ತುವಿನಲ್ಲಿ ರಿಪ್ಲೇಸ್‌ಸ್ಟೇಟ್ ಎಂಬ ಫಂಕ್ಷನ್ ಇದೆ. ಕೆಲಸ ಹೀಗೆ ಸಾಗಬೇಕು: ಪ್ರಸ್ತುತ ವಿಳಾಸದಿಂದ ‘ಯುಆರ್‌ಎಲ್’ ವಸ್ತುವೊಂದನ್ನು ರಚಿಸಿ, ಅದರ ಸರ್ಚ್‌ಪ್ಯಾರಮ್ಸ್‌ನಿಂದ ಬೇಡದ ಹೆಸರುಗಳನ್ನು ಡಿಲೀಟ್ ಫಂಕ್ಷನ್ ಮೂಲಕ ಒಂದೊಂದಾಗಿ ತೆಗೆಯಿರಿ, ಉಳಿದ ವಿಳಾಸವನ್ನು ರಿಪ್ಲೇಸ್‌ಸ್ಟೇಟ್‌ಗೆ ಮೂರನೆಯ ಮೌಲ್ಯವಾಗಿ ಕೊಡಿ. ಪ್ರಶ್ನಾರ್ಥಕ ಚಿಹ್ನೆಯ ಬಳಿ ಪಠ್ಯವನ್ನು ಸೀಳುವ ಹಳೆಯ ವಿಧಾನ ಬೇಡ, ಅದರಲ್ಲಿ # ಭಾಗವೂ ಜೊತೆಗೆ ಹೋಗಿಬಿಡುತ್ತದೆ. ಇಲ್ಲಿ ಎಡವುವವರು ಹೆಚ್ಚಾದ್ದರಿಂದ ತುಸು ವಿವರವಾಗಿ ಹೇಳುತ್ತೇನೆ.

‘ಲೊಕೇಶನ್’ನ ಸರ್ಚ್ ಭಾಗಕ್ಕೆ ಖಾಲಿ ಮೌಲ್ಯ ಕೊಟ್ಟರೂ ಬಾಲ ಹೋಗುತ್ತದೆ, ಆದರೆ ಪುಟ ಮತ್ತೆ ಲೋಡ್ ಆಗುತ್ತದೆ, ಅರ್ಧ ತುಂಬಿದ ಫಾರ್ಮ್ ಇದ್ದರೆ ಅದೂ ಹೋಗುತ್ತದೆ. ರಿಪ್ಲೇಸ್‌ಸ್ಟೇಟ್ ಬದಲಿಗೆ ಪುಶ್‌ಸ್ಟೇಟ್ ಬಳಸಿದರೆ ಹಳೆಯ ವಿಳಾಸ ಇತಿಹಾಸದಲ್ಲಿ ಹಾಗೆಯೇ ಉಳಿದು, ಬಳಕೆದಾರರು ಹಿಂದಿನ ಗುಂಡಿ ಒತ್ತಿದಾಗ ಅದೇ ಬಾಲದ ವಿಳಾಸ ಮರಳಿ ಬರುತ್ತದೆ. ಮೂರನೆಯ ಮೌಲ್ಯವಾಗಿ ಖಾಲಿ ಪಠ್ಯ ಕೊಟ್ಟರೆ ಕ್ವೆರಿ ಅಳಿಯುವುದಿಲ್ಲ, ಕನಿಷ್ಠ ಪಾತ್ ಆದರೂ ಇರಲೇಬೇಕು. ಮೊದಲ ಮೌಲ್ಯದ ಜಾಗದಲ್ಲಿ ಅಭ್ಯಾಸಬಲದಿಂದ ‘ನಲ್’ ಎಂದು ಬರೆಯುವವರು, ತಮ್ಮ ಫ್ರೇಮ್‌ವರ್ಕ್ ಅಲ್ಲಿ ಸ್ಕ್ರೋಲ್ ಸ್ಥಾನದಂಥ ಮಾಹಿತಿಯನ್ನು ಇಟ್ಟಿರಬಹುದೆಂಬುದನ್ನು ಗಮನಿಸಬೇಕು. ಆಗಲೇ ಇರುವ ‘ಹಿಸ್ಟರಿ.ಸ್ಟೇಟ್’ ಮೌಲ್ಯವನ್ನೇ ಮರಳಿ ಕೊಡುವುದು ಕ್ಷೇಮ.

ವಿಳಾಸಕ್ಕೆ ತಕ್ಕ ಪುಟವನ್ನು ಬ್ರೌಸರ್‌ನಲ್ಲೇ ತೋರಿಸುವ ರಿಯಾಕ್ಟ್ ರೂಟರ್, ವ್ಯೂ ರೂಟರ್ ಅಥವಾ ಆ್ಯಂಗ್ಯುಲರ್ ಅನ್ನು ನೀವು ಬಳಸುತ್ತಿದ್ದರೆ ರಿಪ್ಲೇಸ್‌ಸ್ಟೇಟ್ ಅನ್ನು ನೇರವಾಗಿ ಕರೆಯಬೇಡಿ, ಏಕೆಂದರೆ ವಿಳಾಸ ಬದಲಾದದ್ದು ರೂಟರ್‌ನ ಗಮನಕ್ಕೆ ಬರದೆ ಮುಂದಿನ ಕೊಂಡಿಯಲ್ಲಿ ಹಳೆಯ ಪ್ಯಾರಾಮೀಟರ್ ಮತ್ತೆ ತಲೆ ಎತ್ತಬಹುದು. ರಿಯಾಕ್ಟ್ ರೂಟರ್‌ನಲ್ಲಿ ಸೆಟ್‌ಸರ್ಚ್‌ಪ್ಯಾರಮ್ಸ್‌ಗೆ ‘ರಿಪ್ಲೇಸ್’ ಆಯ್ಕೆ ಕೊಡಿ. ವ್ಯೂನಲ್ಲಿ ರೂಟರ್‌ನ ರಿಪ್ಲೇಸ್ ಫಂಕ್ಷನ್‌ಗೆ ಹೊಸ ಕ್ವೆರಿ ಕೊಡಿ. ಆ್ಯಂಗ್ಯುಲರ್‌ನಲ್ಲಿ ತೆಗೆಯಬೇಕಾದ ಹೆಸರಿಗೆ ‘ನಲ್’ ಮೌಲ್ಯ ಕೊಟ್ಟು, ಉಳಿದವನ್ನು ಉಳಿಸಿಕೊಳ್ಳಲು ‘ಮರ್ಜ್’, ಇತಿಹಾಸದಲ್ಲಿ ಹೊಸ ನಮೂದು ಆಗದಿರಲು ‘ರಿಪ್ಲೇಸ್‌ಯುಆರ್‌ಎಲ್’ ಎಂದು ಸೂಚಿಸಿ.

ಜಾಡಿನ ಪ್ಯಾರಾಮೀಟರ್‌ಗಳನ್ನು ತೆಗೆಯುವಾಗ ಸಮಯವೇ ಮುಖ್ಯ. ವಿಶ್ಲೇಷಣಾ ಸ್ಕ್ರಿಪ್ಟ್ ವಿಳಾಸವನ್ನು ಓದುವ ಮೊದಲೇ ಯುಟಿಎಂ ಅಳಿಸಿದರೆ, ವಾಟ್ಸಾಪ್ ಪ್ರಚಾರದಿಂದ ಬಂದವರೆಲ್ಲ ನೇರ ಭೇಟಿಯ ಲೆಕ್ಕಕ್ಕೆ ಸೇರುತ್ತಾರೆ. ಮಾರಾಟ ವಿಭಾಗದವರು ನಿಮ್ಮನ್ನು ಹುಡುಕಿಕೊಂಡು ಬರುವುದು ಆಗಲೇ. ಮೊದಲ ಪುಟವೀಕ್ಷಣೆ ದಾಖಲಾದ ಮೇಲೆ ಅಳಿಸಿ. ಇತಿಹಾಸದ ಬದಲಾವಣೆಯನ್ನೂ ಪುಟವೀಕ್ಷಣೆಯೆಂದು ಎಣಿಸುವ ಆಯ್ಕೆ ಚಾಲ್ತಿಯಲ್ಲಿದ್ದರೆ, ನಿಮ್ಮ ಶುಚಿಕಾರ್ಯವೇ ಎರಡನೆಯ ವೀಕ್ಷಣೆಯಾಗಿ ದಾಖಲಾಗುತ್ತಿಲ್ಲವೇ ಎಂದು ನೋಡಿಕೊಳ್ಳಿ. ಅಂದಹಾಗೆ, ಈ ಕೆಲಸವನ್ನು ಕೆಲವು ಬ್ರೌಸರ್‌ಗಳು ತಾವೇ ಆರಂಭಿಸಿವೆ: 2022ರಲ್ಲಿ ಬಂದ ಫೈರ್‌ಫಾಕ್ಸ್ 102, ಕಟ್ಟುನಿಟ್ಟಿನ ರಕ್ಷಣೆಯ ಆಯ್ಕೆಯಲ್ಲಿ ತನಗೆ ಗೊತ್ತಿರುವ ಜಾಡಿನ ಪ್ಯಾರಾಮೀಟರ್‌ಗಳನ್ನು ಕತ್ತರಿಸುತ್ತದೆ.

ಕನ್ನಡದ ತಾಣ ನಡೆಸುವವರಿಗೆ ಇಲ್ಲೊಂದು ವಿಶೇಷ ತೊಡಕಿದೆ. ಕನ್ನಡದ ಒಂದೊಂದು ಯೂನಿಕೋಡ್ ಸಂಕೇತವೂ (ವ್ಯಂಜನಕ್ಕೊಂದು, ಅದರ ಸ್ವರಚಿಹ್ನೆಗೊಂದು) ಯುಟಿಎಫ್-8 ಎಂಬ ಪಠ್ಯ ಸಂಗ್ರಹ ಪದ್ಧತಿಯಲ್ಲಿ 3 ಬೈಟ್ ಆಗುತ್ತದೆ, ವಿಳಾಸದಲ್ಲಿ ಪ್ರತಿ ಬೈಟ್ ಕೂಡ % ಸೇರಿ 3 ಅಕ್ಷರವಾಗುತ್ತದೆ. ‘ಮೈಸೂರು’ ಎಂದು ಹುಡುಕಿದರೆ 6 ಸಂಕೇತಗಳು 54 ಅಕ್ಷರಗಳಾಗಿ ಬೆಳೆಯುತ್ತವೆ. ಬಾಲ ಉದ್ದವಾಗಿ ಕಾಣುವುದಕ್ಕೆ ಎಷ್ಟೋ ವೇಳೆ ಇದೇ ಕಾರಣ, ಅದು ದೋಷವಲ್ಲ. ಆದರೆ ಈಗಾಗಲೇ ಸಂಕೇತೀಕರಿಸಿದ ಪಠ್ಯವನ್ನು ಶುಚಿಗೊಳಿಸುವ ಭರದಲ್ಲಿ ಮತ್ತೊಮ್ಮೆ ಸಂಕೇತೀಕರಿಸಿದರೆ ಪ್ರತಿ % ಚಿಹ್ನೆಯೂ %25 ಆಗಿ, ಹುಡುಕಾಟದ ಪೆಟ್ಟಿಗೆಯಲ್ಲಿ ಮೈಸೂರಿನ ಬದಲು ಚಿಹ್ನೆಗಳ ಸಂತೆ ಕಾಣುತ್ತದೆ. ಸರ್ಚ್‌ಪ್ಯಾರಮ್ಸ್ ಒಂದು ಹೆಸರನ್ನು ಅಳಿಸಿದಾಗ ಉಳಿದೆಲ್ಲವನ್ನೂ ಹೊಸದಾಗಿ ಬರೆಯುತ್ತದೆ, %20 ಎಂದಿದ್ದ ಖಾಲಿ ಜಾಗ + ಆಗುತ್ತದೆ ಎಂಬುದೂ ತಿಳಿದಿರಲಿ. ಸಹಿ ಮಾಡಿದ ವಿಳಾಸಗಳಲ್ಲಿ ಕೈಯಾಡಿಸಬೇಡಿ ಎಂದದ್ದು ಇದಕ್ಕೂ ಸೇರಿ.

ಹಂತ 6: ಸರ್ವರ್‌ನಲ್ಲಿ ರೀಡೈರೆಕ್ಟ್ ಬರೆಯಿರಿ

ಹಳೆಯ ಕೊಂಡಿಗಳು ಹೊರಗೆ ಹರಡಿರುವುದರಿಂದ ಅವನ್ನು ಹೊಸ ವಿಳಾಸಕ್ಕೆ ಕಳುಹಿಸಬೇಕು. ಅಪಾಚೆಯ ರೀರೈಟ್ ನಿಯಮವಾಗಲಿ ಎಂಜಿನ್‌ಎಕ್ಸ್‌ನ ಲೊಕೇಶನ್ ಆಗಲಿ ಪಾತ್ ಅನ್ನು ಮಾತ್ರ ಹೋಲಿಸಿ ನೋಡುತ್ತದೆ. ನಿಯಮದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರೆದು ಅದು ಏಕೆ ಹೊಂದುತ್ತಿಲ್ಲವೆಂದು ಗಂಟೆಗಟ್ಟಲೆ ಕೂರಬೇಡಿ. ಅಪಾಚೆಯಲ್ಲಿ ಕ್ವೆರಿಯನ್ನು ಪ್ರತ್ಯೇಕ ಷರತ್ತಿನಲ್ಲಿ ಪರೀಕ್ಷಿಸಬೇಕು, ತೆಗೆಯಲು 2.4ನೇ ಆವೃತ್ತಿಯಿಂದ ಕ್ಯೂಎಸ್‌ಡಿ ಎಂಬ ಸೂಚನೆಯಿದೆ. ಎಂಜಿನ್‌ಎಕ್ಸ್‌ನ ರೀರೈಟ್‌ನಲ್ಲಿ ಹೊಸ ವಿಳಾಸದ ಕೊನೆಗೆ ಒಂದು ಬರಿಯ ಪ್ರಶ್ನಾರ್ಥಕ ಚಿಹ್ನೆ ಇಟ್ಟರೆ ಹಳೆಯ ಕ್ವೆರಿ ಅಂಟಿಕೊಳ್ಳುವುದಿಲ್ಲ. ಒಂದೆರಡು ಹೆಸರುಗಳನ್ನು ಮಾತ್ರ ತೆಗೆಯಬೇಕಿದ್ದರೆ ಸಂರಚನೆಯಲ್ಲಿ ಸಿಕ್ಕುಸಿಕ್ಕಾದ ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದ ಮಾದರಿಯನ್ನು ಹುಡುಕುವ ಸೂತ್ರ) ಬರೆಯುವುದಕ್ಕಿಂತ ಆ್ಯಪ್‌ನ ಕೋಡ್‌ನಲ್ಲೇ ಮಾಡುವುದು ಮೇಲು. ವರ್ಡ್‌ಪ್ರೆಸ್‌ನಲ್ಲಿ ಇದಕ್ಕೆಂದೇ ರಿಮೂವ್_ಕ್ವೆರಿ_ಆರ್ಗ್ ಎಂಬ ಫಂಕ್ಷನ್ ಇದೆ.

ಕ್ವೆರಿ ಇದ್ದರೆ ಮಾತ್ರ ರೀಡೈರೆಕ್ಟ್ ಎಂಬ ಷರತ್ತು ಇರಲೇಬೇಕು, ಇಲ್ಲದಿದ್ದರೆ ಪುಟ ತನ್ನನ್ನೇ ತಾನು ಕರೆಯುತ್ತ ಸುತ್ತಿ ಸುತ್ತಿ ಕೊನೆಗೆ ಬ್ರೌಸರ್ ಕೈಚೆಲ್ಲುತ್ತದೆ. ಹೊಸ ಪಾತ್ ಅನ್ನು ಒಳಗೊಳಗೇ ಮತ್ತೆ ಹಳೆಯ ಕ್ವೆರಿಗೆ ಬದಲಿಸಿಕೊಳ್ಳುವ ಅಪಾಚೆ ಆ್ಯಪ್‌ಗಳಲ್ಲಿ ಷರತ್ತು ಇದ್ದರೂ ಈ ಸುತ್ತು ಬರಬಹುದು; ಆಗ ಬ್ರೌಸರ್ ಕಳುಹಿಸಿದ ಮೂಲ ಸಾಲನ್ನು ಹಿಡಿದಿಡುವ ‘ದಿ_ರಿಕ್ವೆಸ್ಟ್’ ಎಂಬ ಚರದ ಮೇಲೆ ಷರತ್ತು ಹಾಕಿ.

ರೀಡೈರೆಕ್ಟ್ ಮಾಡುವಾಗ ಸರ್ವರ್ ಕಳುಹಿಸುವ ಸ್ಥಿತಿ ಸಂಕೇತದ ಆಯ್ಕೆಯಲ್ಲಿ ಅವಸರ ಬೇಡ. 301 ಎಂದರೆ ಶಾಶ್ವತ ಸ್ಥಳಾಂತರ, ಬ್ರೌಸರ್‌ಗಳು ಅದನ್ನು ನೆನಪಿಟ್ಟುಕೊಳ್ಳುತ್ತವೆ. ತಪ್ಪು 301 ಒಮ್ಮೆ ಹೊರಬಿದ್ದರೆ, ನೀವು ಸರ್ವರ್‌ನಲ್ಲಿ ಸರಿಪಡಿಸಿದ ಮೇಲೂ ಕೆಲವರ ಬ್ರೌಸರ್‌ನಲ್ಲಿ ಅದೇ ಮುಂದುವರಿಯುತ್ತದೆ. ಆದ್ದರಿಂದ ತಾತ್ಕಾಲಿಕವೆಂಬ ಅರ್ಥದ 302ರಿಂದ ಪರೀಕ್ಷಿಸಿ, ಕೆಲವು ದಿನ ಲಾಗ್ ನೋಡಿ, ನಂತರ 301 ಮಾಡಿ. ಪೋಸ್ಟ್ ವಿನಂತಿಗಳು ಬರುವ ವಿಳಾಸವಾದರೆ 307 ಅಥವಾ 308 ಬೇಕು, ಏಕೆಂದರೆ 301 ಮತ್ತು 302ರಲ್ಲಿ ಬ್ರೌಸರ್ ಪೋಸ್ಟ್ ಅನ್ನು ಗೆಟ್ ಆಗಿ ಬದಲಿಸಿ, ಕಳುಹಿಸಿದ ಮಾಹಿತಿಯನ್ನು ದಾರಿಯಲ್ಲೇ ಬಿಟ್ಟುಬಿಡಬಹುದು.

ಹಂತ 7: ಹುಡುಕಾಟ ಯಂತ್ರ ಮತ್ತು ಕ್ಯಾಶ್

ಉಳಿಸಿಕೊಂಡ ಪ್ಯಾರಾಮೀಟರ್‌ಗಳಿಂದ ಒಂದೇ ಪುಟಕ್ಕೆ ಹಲವು ವಿಳಾಸಗಳು ಇರುವುದಾದರೆ, ಮೂಲ ವಿಳಾಸ ಯಾವುದೆಂದು ‘ಕ್ಯಾನಾನಿಕಲ್’ ಕೊಂಡಿಯ ಮೂಲಕ ಪುಟದ ತಲೆಭಾಗದಲ್ಲಿ ತಿಳಿಸಿ. ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂರೂ 2009ರಿಂದ ಇದನ್ನು ಗುರುತಿಸುತ್ತ ಬಂದಿವೆ. ತಾಣ ನಡೆಸುವವರಿಗಾಗಿ ಇರುವ ಸರ್ಚ್ ಕನ್ಸೋಲ್‌ನಲ್ಲಿ ಪ್ಯಾರಾಮೀಟರ್‌ಗಳನ್ನು ನಿರ್ಲಕ್ಷಿಸಲು ಹೇಳುವ ಪರಿಕರವನ್ನು ಗೂಗಲ್ 2022ರಲ್ಲಿ ನಿಲ್ಲಿಸಿರುವುದರಿಂದ, ಅದನ್ನು ಬಳಸಲು ಹೇಳುವ ಹಳೆಯ ಸಲಹೆಗಳನ್ನು ಬಿಟ್ಟುಬಿಡಿ. ಅದೇ ವಿಳಾಸಗಳನ್ನು, ಯಾವ ಪುಟ ತೆರೆಯಬಾರದೆಂದು ಹುಡುಕಾಟ ಯಂತ್ರಗಳಿಗೆ ಹೇಳುವ ರೋಬೋಟ್ಸ್ ಕಡತದಲ್ಲಿ ತಡೆಯಬೇಡಿ. ತಡೆದರೆ ಗೂಗಲ್ ಪುಟವನ್ನೇ ತೆರೆಯದೆ, ಒಳಗಿರುವ ಕ್ಯಾನಾನಿಕಲ್ ಸೂಚನೆಯನ್ನು ಓದುವುದಾದರೂ ಹೇಗೆ? ಪಟ್ಟಿಯ ಎರಡನೇ, ಮೂರನೇ ಪುಟಗಳಿಗೆಲ್ಲ ಮೊದಲ ಪುಟವನ್ನೇ ಮೂಲವೆಂದು ಬರೆಯುವುದೂ ತಪ್ಪು.

ಸಿಡಿಎನ್, ಅಂದರೆ ನಿಮ್ಮ ಪುಟಗಳ ಪ್ರತಿಯನ್ನು ಓದುಗರಿಗೆ ಹತ್ತಿರದಲ್ಲಿಟ್ಟು ಕೊಡುವ ಜಾಲ, ಇದ್ದರೆ ಕ್ಯಾಶ್ ಕೀಲಿಯಿಂದ, ಅಂದರೆ ಉಳಿಸಿಟ್ಟ ಪ್ರತಿಯನ್ನು ಗುರುತಿಸಲು ಅದು ಬಳಸುವ ಹೆಸರಿನಿಂದ, ಜಾಡಿನ ಹೆಸರುಗಳನ್ನು ಹೊರಗಿಡಿ. ಫೇಸ್‌ಬುಕ್ ಅಂಟಿಸುವ ಗುರುತು ಪ್ರತಿ ಕ್ಲಿಕ್‌ಗೂ ಬೇರೆಯಾದ್ದರಿಂದ, ಹಾಗೆ ಮಾಡದಿದ್ದರೆ ಸಿದ್ಧ ಪ್ರತಿ ಎಂದೂ ಹೊಂದದೆ ಎಲ್ಲ ಹೊರೆಯೂ ನಿಮ್ಮ ಸರ್ವರ್ ಮೇಲೆಯೇ ಬೀಳುತ್ತದೆ. ಪುಟಸಂಖ್ಯೆಯನ್ನು ಮಾತ್ರ ಕೀಲಿಯಿಂದ ತೆಗೆಯಬೇಡಿ, ಎಲ್ಲರಿಗೂ ಮೊದಲು ಬಂದವರ ಪುಟವೇ ಕಾಣುತ್ತದೆ.

ಹಂತ 8: ಪರೀಕ್ಷಿಸಿ

ಕರ್ಲ್ ಎಂಬ ಆಜ್ಞಾ ಪರಿಕರದಿಂದ ತಲೆಬರಹಗಳನ್ನು ಮಾತ್ರ ತರಿಸಿಕೊಂಡು, ಸ್ಥಿತಿ ಸಂಕೇತ ಮತ್ತು ‘ಲೊಕೇಶನ್’ ಸಾಲನ್ನು ನೋಡಿ. ವಿಳಾಸವನ್ನು ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. ಇಲ್ಲದಿದ್ದರೆ ಟರ್ಮಿನಲ್ & ಚಿಹ್ನೆಯನ್ನು ‘ಹಿನ್ನೆಲೆಯಲ್ಲಿ ನಡೆಸು’ ಎಂದು ಅರ್ಥೈಸಿ ಅಲ್ಲಿಗೇ ವಿಳಾಸವನ್ನು ತುಂಡರಿಸುತ್ತದೆ, ನಿಮ್ಮ ನಿಯಮ ಸರಿಯಿದ್ದರೂ ತಪ್ಪಿದಂತೆ ಕಾಣುತ್ತದೆ. ನಂತರ ಖಾಸಗಿ ವಿಂಡೋದಲ್ಲಿ ಹಂತ 1ರ ಪಟ್ಟಿ ಇಟ್ಟುಕೊಂಡು ಪ್ರತಿ ಗುಂಪಿನಿಂದಲೂ ಒಂದೊಂದು ವಿಳಾಸವನ್ನು ತೆರೆಯಿರಿ: ರಿಫ್ರೆಶ್ ಮಾಡಿ, ಹಿಂದಿನ ಗುಂಡಿ ಒತ್ತಿ, ವಿಳಾಸವನ್ನು ನಕಲಿಸಿ ಬೇರೊಂದು ಬ್ರೌಸರ್‌ನಲ್ಲಿ ಅಂಟಿಸಿ ನೋಡಿ. ಒಂದು ಕನ್ನಡ ಪದದ ಹುಡುಕಾಟವನ್ನೂ, # ಇರುವ ಒಂದು ಕೊಂಡಿಯನ್ನೂ, ಒಂದೇ ಹೆಸರು ಎರಡು ಬಾರಿ ಬರುವ ಒಂದು ಕ್ವೆರಿಯನ್ನೂ ಮರೆಯದೆ ಸೇರಿಸಿಕೊಳ್ಳಿ. ರಹಸ್ಯದ ಪ್ಯಾರಾಮೀಟರ್ ಇದ್ದ ಆ್ಯಪ್ ಆದರೆ ಇನ್ನೊಂದು ಕೆಲಸ ಬಾಕಿಯಿದೆ: ಹಳೆಯ ಆಕ್ಸೆಸ್ ಲಾಗ್‌ಗಳಲ್ಲಿ ಆ ಹೆಸರನ್ನು ಹುಡುಕಿ, ಇನ್ನೂ ಜೀವಂತವಿರುವ ಟೋಕನ್‌ಗಳನ್ನು ರದ್ದುಪಡಿಸಿ, ಮುಂದೆ ಕ್ವೆರಿಯಿಲ್ಲದೆ ಪಾತ್ ಮಾತ್ರ ದಾಖಲಾಗುವಂತೆ ಲಾಗ್‌ನ ನಮೂನೆಯನ್ನು ಬದಲಿಸಿ.